ಚೊಗರು ಹತ್ತಿದ ಕೈ

ನನ್ನ ಭಾನುವಾರದ ಫೋಟೋಗಳು ಶುರುವಾದದ್ದು ಸಿಟ್ಟಿನಿಂದ. ಕಲೆಗಿಲೆ ಎಂದು ದೊಡ್ಡ ಮಾತಾಡಿದರೆ ಸುಳ್ಳಾಗುತ್ತದೆ.

ನಾನು ಚನ್ನಗಿರಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು. ಮಹಿಳಾ ದಿನಾಚರಣೆಗೆಂದು ನಮ್ಮ ಶಾಲೆಯ ಗೇಟಿಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಸೊಂಟದ ಮೇಲೆ ಹಿತ್ತಾಳೆ ಕೊಡ ಇಟ್ಟುಕೊಂಡು ಹಲ್ಲು ಬಿಟ್ಟು ನಗುತ್ತಿದ್ದಳು. ಕೆಳಗೆ 'ಗ್ರಾಮೀಣ ಮಹಿಳೆಗೆ ನಮನ' ಎಂದಿತ್ತು. ಕೊಡದಲ್ಲಿ ಒಂದು ಹನಿ ನೀರಿಲ್ಲ ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ತುಂಬಿದ ಕೊಡ ಇಟ್ಟುಕೊಂಡವಳ ಸೊಂಟ ಒಂದು ಕಡೆ ವಾಲುತ್ತದೆ, ಕೊರಳಿನ ನರ ಬಿಗಿಯುತ್ತದೆ, ಆ ಹೊತ್ತಿನಲ್ಲಿ ಯಾರಾದರೂ ನಗು ಎಂದರೆ ಮೈ ಉರಿಯುತ್ತದೆ. ಇದನ್ನು ಎಲ್ಲಿಂದ ತಂದಿರಿ ಎಂದು ಕಟ್ಟಿಸಿದ ಮೇಷ್ಟ್ರನ್ನು ಕೇಳಿದೆ. ನೆಟ್‌ನಲ್ಲಿ ಸಿಕ್ಕಿತು ಎಂದರು. ನಮ್ಮ ತಾಲ್ಲೂಕಿನಲ್ಲಿ ಒಬ್ಬ ಹೆಂಗಸೂ ಸಿಗಲಿಲ್ಲವೇ ಎಂದೆ.

"ನಮ್ಮೋರು ಫೋಟೋದಾಗೆ ಚೆನ್ನಾಗಿ ಬರಲ್ಲ ಬಿಡ್ರಿ ಮೇಡಂ" ಎಂದು ನಕ್ಕರು.

ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅನ್ನಕ್ಕಿಟ್ಟರೂ ಅದೇ, ಪೇಪರ್ ತಿದ್ದಲು ಕೂತರೂ ಅದೇ. ಚೆನ್ನಾಗಿ ಬರುವುದಿಲ್ಲವಂತೆ! ಆ ತಿಂಗಳೇ ಹೊನ್ನಾಳಿಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ಪರಿಚಯದವರ ಹಳೆಯ ಕ್ಯಾಮೆರಾ ಕೊಂಡುಕೊಂಡೆ. ವಾರಕ್ಕೊಂದು ಫೋಟೋ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಪ್ರತಿ ಭಾನುವಾರ ಒಬ್ಬ ಹೆಂಗಸು, ಅವಳು ಮಾಡುತ್ತಿರುವ ಕೆಲಸದ ಜೊತೆಗೆ. ಷರತ್ತು ಒಂದೇ. ಹಿಡಿದ ಕೆಲಸ ಕೆಳಗಿಡಬಾರದು, ಒಳಗೆ ಹೋಗಿ ಸೀರೆ ಬದಲಾಯಿಸಿ ಬರಬಾರದು. ಚನ್ನಗಿರಿಗೆ ವರ್ಗವಾಗಿ ಬರುವ ಮೊದಲು ಜಗಳೂರು, ನ್ಯಾಮತಿ, ಹೊನ್ನಾಳಿಗಳಲ್ಲಿ ಪಾಠ ಮಾಡಿದ್ದರಿಂದ ಎಲ್ಲ ಕಡೆಯೂ ಗುರುತಿನ ಮನೆಗಳಿದ್ದವು. ಬೆಳಗಿನ ಬಸ್ಸು ಹತ್ತಿದರೆ ಯಾವುದಾದರೂ ಒಂದು ಊರು ಸಿಗುತ್ತಿತ್ತು.

ಷರತ್ತು ಹಾಕುವುದು ಸುಲಭ, ನಡೆಸುವುದು ಕಷ್ಟ. ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸೊಬ್ಬಳಿದ್ದಳು. ರೆಪ್ಪೆಯ ಕೂದಲಿನ ಮೇಲೂ ಜೋಳದ ಹಿಟ್ಟು ಕೂತ ಮುಖ. ನಾನು ಕ್ಯಾಮೆರಾ ತೆಗೆಯುವುದರೊಳಗೆ "ಒಂದ್ನಿಮಿಷ ತಡೀರಿ" ಎಂದು ಓಡಿಹೋಗಿ ಸೋಪು ಹಚ್ಚಿ ಮುಖ ತೊಳೆದು, ಪೌಡರ್ ಬಳಿದುಕೊಂಡು ಬಂದು ನಿಂತಳು. ಹಿಟ್ಟಿಗಿಂತ ಬೆಳ್ಳಗೆ ಕಾಣುತ್ತಿದ್ದಳು. ಜಗಳೂರಿನ ಹೊಲವೊಂದರಲ್ಲಿ ಈರುಳ್ಳಿ ಕೊಯ್ಯುತ್ತಿದ್ದವಳ ಮುಂದೆ ನಾನು ಕುಕ್ಕರಗಾಲಲ್ಲಿ ಕೂತಿದ್ದಾಗ ಅವಳ ಗಂಡ ಬೈಕನ್ನು ತಂದು ಸರಿಯಾಗಿ ನಡುವೆ ನಿಲ್ಲಿಸಿ ಅದಕ್ಕೆ ಒರಗಿದ. "ಅವಳ್ದೇನು ತೆಗೀತೀರಿ? ಹೊಲ ನಂದು" ಎಂದ. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಮೀನು ಮಾರುವವಳ ಫೋಟೋ ತೆಗೆಯುವಾಗ ದಾರಿಯಲ್ಲಿ ಹೋಗುತ್ತಿದ್ದ ದೊಡ್ಡ ಮನುಷ್ಯರೊಬ್ಬರು ನಿಂತು, ಇಂಥದ್ದೆಲ್ಲ ತೆಗೆದು ಊರಿನ ಹೆಸರು ಕೆಡಿಸಬೇಡಿ ಎಂದು ಬುದ್ಧಿ ಹೇಳಿದರು. ಮೀನು ತಿನ್ನುವಾಗ ಊರಿನ ಹೆಸರು ಕೆಡುವುದಿಲ್ಲವೇ ಎಂದು ಕೇಳಿದೆ. ಅವರು ನಡೆದೇಬಿಟ್ಟರು.

ಶಾಲೆಯ ಸ್ಟಾಫ್ ರೂಮಿನಲ್ಲೂ ಇದೇ ಪಾಠ. ಸೂಳೆಕೆರೆ ಏರಿ ಮೇಲೆ ಸೂರ್ಯ ಮುಳುಗುವುದನ್ನು ತೆಗೆಯಬಾರದೇ ಮೇಡಂ, ಎಷ್ಟು ಚೆನ್ನಾಗಿರುತ್ತದೆ ಎನ್ನುತ್ತಿದ್ದರು. ಸೂರ್ಯನ ಫೋಟೋ ತೆಗೆಯಲು ಏರಿಯ ತುಂಬಾ ಜನ ಮೊಬೈಲು ಎತ್ತಿಕೊಂಡು ನಿಂತಿರುತ್ತಾರೆ. ಅವರ ಕಾಲ ಬಳಿಯಲ್ಲೇ ಬಲೆ ಬಿಡಿಸುತ್ತ ಕೂತವಳ ಕಡೆ ಒಬ್ಬರಾದರೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ಇನ್ನು ಅವಳ ವಿಷಯಕ್ಕೆ ಬರುತ್ತೇನೆ. ಅವಳ ಊರು ಕೆರೆಬಿಳಚಿಗೆ ಹತ್ತಿರದ ಒಂದು ಹಳ್ಳಿ. ಅಡಿಕೆ ಸುಗ್ಗಿಯಲ್ಲಿ ಆ ಸೀಮೆಯಲ್ಲೆಲ್ಲ ಖೇಣಿ ಹಿಡಿದವರ, ಎಂದರೆ ತೋಟದ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆಗೆ ಕೊಂಡವರ, ಕಣಗಳಲ್ಲಿ ಹಸಿ ಅಡಿಕೆ ಸುಲಿಯುವ ಕೆಲಸ ನಡೆಯುತ್ತದೆ. ಈಗ ಸುಲಿಯುವ ಯಂತ್ರಗಳು ಬಂದಿವೆ. ಆದರೂ ಯಂತ್ರ ಅರೆಬರೆ ಬಿಟ್ಟ ಕಾಯಿ ಸುಲಿಯಲು ಹೆಂಗಸರೇ ಬೇಕು. ಮೆಟ್ಟುಗತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡು, ಕತ್ತಿಯ ಬಾಯಿಗೆ ಕಾಯಿ ಕೊಟ್ಟು ಸಿಪ್ಪೆ ಬಿಡಿಸುತ್ತ ಕೂತರೆ ಹೊತ್ತು ಮುಳುಗುವವರೆಗೂ ಏಳುವಂತಿಲ್ಲ. ಹಸಿ ಅಡಿಕೆಯ ಒಗರು ರಸ, ಚೊಗರು, ಬೆರಳಿಗೆ ಹತ್ತಿ, ಮೊದಲು ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಹೋಗುವುದಿಲ್ಲ. ಸುಗ್ಗಿ ಮುಗಿದು ಉಗುರು ಹೊಸದಾಗಿ ಬೆಳೆದ ಮೇಲೇ ಕೈ ಮೊದಲಿನ ಹಾಗಾಗುವುದು. ಆದ್ದರಿಂದ ನಮ್ಮ ಕಡೆ ಒಬ್ಬ ಹೆಂಗಸಿನ ಕೈ ನೋಡಿದರೆ ಸಾಕು, ಅವಳು ಕಣದಲ್ಲಿ ಕೂಲಿಗೆ ಕೂರುವವಳೋ, ಸುಲಿಸುವ ಮನೆಯವಳೋ ತಿಳಿದುಬಿಡುತ್ತದೆ. ಮದುವೆ ಮನೆಗಳಲ್ಲಿ ಸೆರಗಿನೊಳಗೆ ಕೈ ಅಡಗಿಸಿಕೊಂಡು ಕೂರುವ ಹೆಂಗಸರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇವಳು ಅಡಗಿಸಲಿಲ್ಲ. ಕಣದಲ್ಲಿದ್ದ ಉಳಿದವರೆಲ್ಲ ನನ್ನ ಕ್ಯಾಮೆರಾ ಕಂಡು ಮುಖ ತಿರುಗಿಸಿದಾಗ ಇವಳೇ ಕರೆದು, "ನಂದು ತೆಗೀರಿ. ಆದ್ರೆ ಕೈ ಕಾಣ್ಬೇಕು" ಎಂದಳು. ಅಷ್ಟು ದಿನದಲ್ಲಿ ನನಗೇ ಷರತ್ತು ಹಾಕಿದವಳು ಅವಳೊಬ್ಬಳೇ. ಯಾಕೆ ಎಂದು ಕೇಳಿದೆ. ಸುಲಿಯುತ್ತಲೇ ಹೇಳಿದಳು.

ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಗಂಡನ ಅಣ್ಣ, ಅವಳ ಭಾವ, ಊರಿಗೇ ದೊಡ್ಡ ಮನೆಯ ಯಜಮಾನ. ತೋಟ ಇನ್ನೂ ಪಾಲಾಗಿರಲಿಲ್ಲ. ಮನೆಯ ಹಿಂದುಗಡೆಯ ಕೋಣೆಯಲ್ಲಿ ಇವಳದೇ ಬೇರೆ ಒಲೆ. ತಮ್ಮನ ತಿಥಿ ಕಾರ್ಯ ಮುಗಿದ ದಿನದಿಂದ ಆ ದೊಡ್ಡ ಮನೆಯಿಂದ ಈ ಕೋಣೆಗೆ ಒಂದು ಹಿಡಿ ಅಕ್ಕಿಯೂ ಬಂದಿರಲಿಲ್ಲ. ಪಕ್ಕದ ಊರಿನ ಕಣಕ್ಕೆ ಗೂಡ್ಸ್ ಆಟೋದಲ್ಲಿ ಹೋಗಿ ದುಡಿದು ಉಣ್ಣುತ್ತಿದ್ದಳು. ಅದಾದರೂ ಇರಲಿ ಎನ್ನಬಹುದು. ಆದರೆ ಭಾವ ಹೋದಲ್ಲೆಲ್ಲ, ಮದುವೆಯಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ, ಮಠದ ಜಗುಲಿಯಲ್ಲಿ, ತಮ್ಮನ ಹೆಂಡತಿಯನ್ನು ತಾನೇ ಸಾಕುತ್ತಿದ್ದೇನೆ ಎಂದು ಹೇಳಿಕೊಂಡು ಬರುತ್ತಿದ್ದ. ಜನ ಅವನನ್ನು ಧರ್ಮಾತ್ಮ ಎನ್ನುತ್ತಿದ್ದರು.

"ಉಪವಾಸ ಇದ್ರೂ ಇರ್ತಿದ್ದೆ ಮೇಡಂ. ನನ್ನ ದುಡಿಮೆ ಅನ್ನ ನಾನು ಉಂಡು, ಅವ್ರ ಹೆಸ್ರಲ್ಲಿ ತೇಗ್ಬೇಕಂದ್ರೆ ಹೆಂಗೆ?" ಎಂದಳು. "ನಾನು ಬಾಯಿ ಬಿಟ್ರೆ ಮನೆತನದ ಮಾನ ಕಳೀತಾಳೆ ಅಂತಾರೆ. ಫೋಟೋ ಆದ್ರೆ ನಾನೇನೂ ಹೇಳ್ಬೇಕಾಗಿಲ್ಲ. ನೋಡಿದೋರಿಗೆ ತಿಳೀತೈತೆ."

ತೆಗೆದೆ. ಒಂದು ಕೈಯಲ್ಲಿ ಅರ್ಧ ಸುಲಿದ ಕಾಯಿ, ಇನ್ನೊಂದು ಕೈ ಸಿಪ್ಪೆ ಎಳೆಯುತ್ತಿದೆ, ಬೆರಳುಗಳು ಕರ್ರಗೆ, ಅವಳು ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡುತ್ತಿದ್ದಾಳೆ. ನಾನು ತೆಗೆದ ಫೋಟೋಗಳಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಬೇರೆ ಇಲ್ಲ.

ನವೆಂಬರಿನಲ್ಲಿ ಚನ್ನಗಿರಿಯಲ್ಲಿ ಕನ್ನಡದ ಕಾರ್ಯಕ್ರಮವೊಂದನ್ನು ಇಟ್ಟುಕೊಂಡಿದ್ದರು. ನಾನು ಭಾನುವಾರ ಭಾನುವಾರ ಊರೂರು ಅಲೆಯುವ ಸುದ್ದಿ ಸಮಿತಿಯವರ ಕಿವಿಗೂ ಬಿದ್ದಿತ್ತು. ಸಭಾಂಗಣದ ಪಡಸಾಲೆಯಲ್ಲಿ ನಿಮ್ಮ ಫೋಟೋ ಪ್ರದರ್ಶನ ಇಡುತ್ತೇವೆ, ಫೈಲುಗಳನ್ನು ಕೊಡಿ, ದೊಡ್ಡದಾಗಿ ನಾವೇ ಪ್ರಿಂಟ್ ಹಾಕಿಸುತ್ತೇವೆ ಎಂದರು. ನನಗೆ ಹಿಗ್ಗು. ಪ್ರತಿ ಫೋಟೋದ ಕೆಳಗೆ ಹಾಕಲು ಒಂದೊಂದು ಸಾಲು ಬರೆದುಕೊಟ್ಟೆ. ಇವಳದಕ್ಕೆ 'ಕೂಲಿಗೆ ಅಡಿಕೆ ಸುಲಿಯುವವರು' ಎಂದು ಬರೆದಿದ್ದೆ. ಫೋನು ಮಾಡಿ ತಿಳಿಸಿದಾಗ, ಆ ದಿನದ ಕೂಲಿ ಹೋದರೆ ಹೋಗಲಿ, ಬಂದೇ ಬರುತ್ತೇನೆ ಎಂದಳು. ಊರಿನವರೂ ಬರುತ್ತಾರೆ, ಅವರೆಲ್ಲ ನೋಡಬೇಕು ಎಂದಳು.

ಅವತ್ತು ಬೆಳಿಗ್ಗೆ ಪಡಸಾಲೆಗೆ ಕಾಲಿಟ್ಟೆ. ಹೊನ್ನಾಳಿಯ ಮೀನಿನವಳು ಸರಿಯಾಗಿದ್ದಳು. ಜಗಳೂರಿನ ಈರುಳ್ಳಿಯವಳೂ ಸರಿ. ಇವಳ ಫೋಟೋದ ಮುಂದೆ ಬಂದವಳು ಹಾಗೇ ನಿಂತೆ. ಮುಖ ಅವಳದೇ. ಮೆಟ್ಟುಗತ್ತಿ ಇದೆ, ಸುತ್ತ ಸಿಪ್ಪೆಯ ರಾಶಿ ಇದೆ. ಕೈ ಮಾತ್ರ ಬೆಣ್ಣೆಯಂತೆ ಬೆಳ್ಳಗೆ, ಸೋಪಿನ ಜಾಹೀರಾತಿನಿಂದ ಕಿತ್ತು ತಂದ ಹಾಗೆ, ಉಗುರುಗಳು ಗುಲಾಬಿ ಬಣ್ಣ! ಕೆಳಗೆ ನಾನು ಬರೆದ ಸಾಲು ಇರಲಿಲ್ಲ. 'ಅಡಿಕೆಯೊಂದಿಗೆ ಗೃಹಿಣಿ' ಎಂದಿತ್ತು.

ಫೋಟೋಗಳನ್ನು ಪ್ರಿಂಟ್ ಹಾಕಿದ ಫ್ಲೆಕ್ಸ್ ಅಂಗಡಿಗೆ ಫೋನು ಮಾಡಿದೆ. ಕೈಯ ಕಪ್ಪನ್ನು ಫೋಟೋದ ದೋಷ ಎಂದು ತಿಳಿದು ತಿದ್ದಿರಬಹುದು, ಪರ ಊರಿನವನಿರಬಹುದು ಎಂದು ಇನ್ನೂ ಒಳ್ಳೆಯದನ್ನೇ ಯೋಚಿಸುತ್ತಿದ್ದೆ.

"ಅದು ಚೊಗರು ಅಂತ ನಂಗೆ ಗೊತ್ತಿಲ್ವಾ ಮೇಡಂ? ನಮ್ಮನೇಲೂ ಅಡಿಕೆ ಐತೆ" ಎಂದ ಅಂಗಡಿಯವನು. "ಸಮಿತಿ ಯಜಮಾನ್ರು ಬಂದು ಕುಂತು ಮಾಡಿಸಿದ್ರು. ದೊಡ್ಡ ಮನೆತನದ ಹೆಣ್ಮಗಳು, ಕೈ ಕ್ಲೀನ್ ಮಾಡು ಅಂದ್ರು. ಬಾಳ ಹೊತ್ತು ಹಿಡೀತು ರೀ."

ಯಾವ ಯಜಮಾನರು ಎಂದು ವಿಚಾರಿಸಿದರೆ, ಅವಳ ಭಾವನೇ. ಅವನು ಸಮಿತಿಯಲ್ಲಿದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ. ಬೇರೆ ಸೀಮೆಯವನಾಗಿದ್ದರೆ ಆ ಕಪ್ಪು ಕಂಡು ಏನೋ ಮಸಿ ಎಂದುಕೊಂಡು ಸುಮ್ಮನಾಗುತ್ತಿದ್ದ. ಇವನಿಗೆ ಆ ಕಪ್ಪು ಏನು ಹೇಳುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅಳಿಸಿದ್ದ. ನಾನು ತೆಗೆದದ್ದನ್ನು ಕೆಡಿಸಿದರೆಂಬ ಸಿಟ್ಟು ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ, ಅವಳ ಬಾಯಿ ಮೊದಲೇ ಕಟ್ಟಿದ್ದವರು ಈಗ ಅವಳ ಕೈಯನ್ನೂ ಬಿಡಲಿಲ್ಲವಲ್ಲ ಎಂಬ ಸಿಟ್ಟು.

ಅಷ್ಟರಲ್ಲಿ ಅವಳೇ ಬಂದಳು. ಕಣದ ಇಬ್ಬರು ಗೆಳತಿಯರೂ ಜೊತೆಗಿದ್ದರು. ತಲೆ ತುಂಬಾ ಹೂ ಮುಡಿದ ಗೆಳತಿಯರು ಫೋಟೋ ಕಂಡು ಮೊದಲು ಖುಷಿಪಟ್ಟರು. ಆಮೇಲೆ ಒಬ್ಬಳು, "ಅಯ್ಯೋ, ಕೈ ಯಾರ್ದೇ ಇದು?" ಎಂದಳು. ಇವಳು ಫೋಟೋದ ಕೆಳಗಿನ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. "ಗೃಹಿಣಿ" ಎಂದು ಇನ್ನೊಮ್ಮೆ ಓದಿದಳು.

ಭಾವ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಹಿಂದೆ ಊರಿನ ನಾಲ್ಕಾರು ಜನ. ಅವನನ್ನು ಕಂಡಕೂಡಲೇ ಇವಳು ತಲೆಯ ಮೇಲೆ ಸೆರಗೆಳೆದುಕೊಂಡು ಕಂಬದ ಮರೆಗೆ ಸರಿದಳು. ನನಗೆ ಇನ್ನಷ್ಟು ಸಿಟ್ಟು ಬಂತು, ಆದರೆ ಅವಳ ಮೇಲಲ್ಲ. ಅವರ ಮನೆಗಳಲ್ಲಿ ಅದೇ ರೂಢಿ. ಗಂಡನ ಅಣ್ಣನ ಎದುರಿಗೆ ನಿಲ್ಲುವಂತಿಲ್ಲ, ನೇರ ಮಾತಾಡುವಂತಿಲ್ಲ. ಹೇಳುವುದಿದ್ದರೆ ನಡುವೆ ಇನ್ನೊಬ್ಬರು ಬೇಕು, ಮಗುವಾದರೂ ಸರಿ. ಮದುವೆಯಾಗಿ ಬಂದಂದಿನಿಂದ ಅವಳು ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಅವತ್ತು ನಡುವೆ ಇದ್ದವಳು ನಾನು.

"ಮೇಡಂ, ಅವ್ರಿಗೆ ಕೇಳ್ರಿ, ನನ್ನ ಕೈ ಎಲ್ಲಿ ಹೋತು ಅಂತ" ಎಂದಳು ಕಂಬದ ಹಿಂದಿನಿಂದ.

ಅವನು ನಿಂತಿದ್ದದ್ದು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಪ್ರತಿ ಅಕ್ಷರ ಅವನ ಕಿವಿಗೆ ಬಿದ್ದಿದೆ. ಆದರೂ ನಾನು ಹೇಳುವವರೆಗೆ ಕೇಳಿಸದವನಂತೆ ಸೂರು ನೋಡುತ್ತ ನಿಂತಿದ್ದ. ಹೇಳಿದೆ.

"ಆಯಮ್ಮಂಗೆ ಹೇಳ್ರಿ ಮೇಡಂ, ಇದು ನಾಕು ಜನ ನೋಡೋ ಜಾಗ. ನಮ್ಮನೆ ಹೆಣ್ಮಕ್ಕಳನ್ನ ಹಂಗೆಲ್ಲ ತೋರ್ಸಾಕೆ ಆಗಲ್ಲ."

"ಅವ್ರಿಗೆ ಹೇಳ್ರಿ, ದಿನಾ ಬೆಳಿಗ್ಗೆ ನಾನು ಆಟೋ ಹತ್ತೋದು ಅವ್ರ ಮನೆ ಮುಂದೇನೇ. ಅಲ್ಲಿ ನೋಡೋರು ಜನ ಅಲ್ವಾ ಅಂತ ಕೇಳ್ರಿ."

"ಆಯಮ್ಮಂಗೆ ಹೇಳ್ರಿ, ದುಡಿಯಾಕೆ ಯಾರೂ ಕಳ್ಸಿಲ್ಲ. ಮನೇಲಿ ಕುಂತು ಉಣ್ಣು ಅಂದ್ರೆ ಕೇಳಲ್ಲ. ಹಠ."

ಹಿಂದಿದ್ದವರು ತಲೆಯಾಡಿಸಿದರು. ನಾನು ಆ ಮಾತನ್ನು ದಾಟಿಸಲಿಲ್ಲ. ಇಂಥ ಸುಳ್ಳು ಹೊರಲು ನಾನು ಆಳಲ್ಲ, ಏನಿದ್ದರೂ ಅವರ ಮುಖ ನೋಡಿ ನೀವೇ ಹೇಳಿ ಎಂದೆ. ನನ್ನ ದನಿ ಏರಿತ್ತು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿದರು.

ಅವಳು ಕಂಬ ಬಿಟ್ಟು ಈಚೆ ಬಂದಳು. ಸೆರಗು ತಲೆಯಿಂದ ಜಾರಿತು. ಅದನ್ನು ಸರಿಮಾಡಲಿಲ್ಲ.

"ಭಾವಾ" ಎಂದಳು. ಆ ಒಂದು ಕರೆಗೇ ಅವನ ಹಿಂದಿದ್ದ ಮುದುಕನೊಬ್ಬ "ಶಿವಶಿವಾ" ಎಂದ. "ನಿಮ್ಮ ತಮ್ಮ ಹೋದಾಗಿಂದ ನಿಮ್ಮ ಒಲೆ ಮೇಲಿಂದ ನನ್ನ ತಟ್ಟೆಗೆ ಒಂದು ತುತ್ತು ಬಂದೈತಾ? ಊರೋರೆಲ್ಲ ಇಲ್ಲೇ ಅದಾರೆ. ಬಂದೈತೆ ಅನ್ರಿ, ನಾನು ನಾಳೆಯಿಂದ ಕಣಕ್ಕೆ ಹೋಗಲ್ಲ."

ಎರಡೂ ಕೈ ಮುಂದೆ ಚಾಚಿದ್ದಳು. ಬೆರಳಿನ ಸಂದಿಯೆಲ್ಲ ಕಪ್ಪು, ಹೆಬ್ಬೆರಳಿಗೆ ಕತ್ತಿ ತಾಗಿದ ಗಾಯಕ್ಕೆ ಬಟ್ಟೆ ಸುತ್ತಿತ್ತು.

ಭಾವ ಅವಳ ಕಡೆ ನೋಡಲಿಲ್ಲ. ಆಗಲೂ ನೋಡಲಿಲ್ಲ! ನನ್ನ ಕಡೆ ತಿರುಗಿ, "ಮೇಡಂ, ನೀವು ಆಯಮ್ಮನ ತಲೆ ಕೆಡಿಸಿಬಿಟ್ರಿ" ಎಂದ. ಸಮಿತಿಯ ಕಾರ್ಯದರ್ಶಿ ಓಡಿಬಂದು, "ಊಟ ರೆಡಿ ಐತೆ, ಎಲ್ರೂ ಬರ್ರಿ, ಬಿಸಿ ಬಿಸಿ ಐತೆ" ಎಂದು ಕೂಗಿದರು. ನಮ್ಮ ಜನರ ವಿಷಯದಲ್ಲಿ ನನಗೆ ಸಹಿಸಲು ಆಗದ್ದು ಇದೇ. ಕಣ್ಣೆದುರಿಗೆ ಒಬ್ಬಳು ಇಡೀ ಬದುಕಿನ ಮಾತು ಆಡಿದ್ದಾಳೆ, ಅದಕ್ಕೆ ಉತ್ತರ ಬೇಕು, ಆಗ ಎಲ್ಲರಿಗೂ ಹಸಿವಾಗುತ್ತದೆ. ಚಿತ್ರಾನ್ನದ ವಾಸನೆ ಹಿಡಿದು ಪಡಸಾಲೆ ಖಾಲಿಯಾಯಿತು.

ಅವಳು ಗೆಳತಿಯರೊಂದಿಗೆ ಉಣ್ಣದೆಯೇ ಊರಿಗೆ ಹೊರಟಳು. ನಾನೂ ಊಟಕ್ಕೆ ಹೋಗಲಿಲ್ಲ. ಕಾರ್ಯದರ್ಶಿಯನ್ನು ಅಡ್ಡಗಟ್ಟಿ ಆ ಫ್ಲೆಕ್ಸ್ ಇಳಿಸಿ ಎಂದೆ. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಮೇಡಂ, ಚೆನ್ನಾಗೇ ಕಾಣುತ್ತದಲ್ಲ ಎಂದರು. ಕುರ್ಚಿ ಎಳೆದುಕೊಂಡು ಹತ್ತಿ ನಾನೇ ಇಳಿಸಿದೆ. ಹರಿದು ಬಿಸಾಡಬೇಕೆಂದು ಎಳೆದರೆ ಹಾಳಾದ ಫ್ಲೆಕ್ಸು ಹರಿಯಲೂ ಇಲ್ಲ. ಮುದುರಿ ಮೂಲೆಗೆ ತುಂಬಿದೆ. ಮೇಡಂಗೆ ಸಿಟ್ಟು ಜಾಸ್ತಿ ಎಂದು ಯಾರೋ ಅಂದದ್ದು ಕೇಳಿಸಿತು. ಜಾಸ್ತಿಯೇ. ಬೇಕಾದಷ್ಟು ಇದೆ, ಇಲ್ಲದವರಿಗೆ ಹಂಚಲೂ ತಯಾರಿದ್ದೇನೆ.

ಮುಂದಿನ ಭಾನುವಾರ ನಾನು ಬೇರೆ ಯಾವ ಊರಿಗೂ ಹೋಗಲಿಲ್ಲ. ಮೂಲ ಫೋಟೋವನ್ನು ದಾವಣಗೆರೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಟ್ಟಿ ಹಲಗೆಗೆ ಅಂಟಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವಳ ಊರಿಗೆ ಹೋದೆ. ಅವತ್ತು ಕಣಕ್ಕೆ ಬಿಡುವು, ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದಳು. ಮನೆಯಿಂದ ಓಡಿಸಿರುತ್ತಾರೆ, ಕೆಲಸ ಬಿಡಿಸಿರುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ನಡೆದದ್ದೇ ಬೇರೆ.

ಕಾರ್ಯಕ್ರಮದ ಮರುದಿನ ಬೆಳಿಗ್ಗೆ ದೊಡ್ಡ ಮನೆಯಿಂದ ಸ್ಟೀಲ್ ಕ್ಯಾರಿಯರ್ ಬಂದಿತ್ತಂತೆ. ಹೋಳಿಗೆ, ಅನ್ನ, ಕಟ್ಟಿನ ಸಾರು. ಹೊತ್ತು ತಂದ ಕೆಲಸದವಳು ಮುಂಬಾಗಿಲಿನಿಂದ ಬೀದಿಗಿಳಿದು, ಎಲ್ಲರೂ ನೋಡಲೆಂದು ಊರ ನಡುವೆ ಸುತ್ತುಹಾಕಿ ಹಿತ್ತಿಲಿಗೆ ಬಂದಿದ್ದಳು. ಒಳಗಿಂದೊಳಗೆ ಬಂದಿದ್ದರೆ ನಾಲ್ಕು ಹೆಜ್ಜೆ ದಾರಿ. ಕೇಳಿದ ಪ್ರಶ್ನೆಗೆ ಉತ್ತರ ಇಲ್ಲದವನು ಉತ್ತರವನ್ನು ಮಾರನೇ ದಿನ ಅಡುಗೆ ಮಾಡಿಸಿ ಕಳಿಸಿದ್ದ.

"ಬಾಯಲ್ಲಿ ನೀರು ಬಂತು ಮೇಡಂ, ಸುಳ್ಳು ಹೇಳಲ್ಲ" ಎಂದಳು. "ಹೋಳಿಗೆ ತಿಂದು ಎಷ್ಟು ದಿನ ಆಗಿತ್ತೋ. ಒಂದು ತುತ್ತು ಉಂಡಿದ್ರೆ ಮುಗೀತಿತ್ತು. ಸಾಯೋತನಕ ಅದನ್ನೇ ಹೇಳ್ಕೊಂಡು ತಿರುಗ್ತಿದ್ರು. ಮುಚ್ಚಳಾನೂ ತೆಗೀದೆ ವಾಪಸ್ ಕಳ್ಸಿದೆ. ಬಂದ ದಾರೀಲೇ ಹೋಗು ಅಂದೆ, ಬೀದಿ ಮೇಲೆ."

ಫೋಟೋ ಬಿಚ್ಚಿ ತೋರಿಸಿದೆ. ಎಲ್ಲಿ ಹಾಕಲಿ ಎಂದು ಕೇಳಲೂ ಇಲ್ಲ. ಮೊಳೆ, ಗುಂಡುಕಲ್ಲು ತಂದು ಹೊರಗೋಡೆಯ ಹತ್ತಿರ ನಿಂತಳು. ಆ ಗೋಡೆ ಇರುವುದು ತೋಟದ ದಾರಿಗೆ. ಭಾವ ತೋಟಕ್ಕೆ ಹೋಗಬೇಕಾದರೂ, ತೋಟದಿಂದ ಬರಬೇಕಾದರೂ, ಪೇಟೆಯಿಂದ ಅಡಿಕೆ ವ್ಯಾಪಾರಿಗಳನ್ನು ಕರೆತರಬೇಕಾದರೂ ಅದರ ಮುಂದೆಯೇ ಹಾಯಬೇಕು. ನಾನು ಹಲಗೆ ಹಿಡಿದುಕೊಂಡೆ, ಅವಳು ಮೊಳೆ ಹೊಡೆದಳು.

"ಇಲ್ಲಿ ಬಿಸಿಲಿಗೆ, ಮಳೆಗೆ ಹಾಳಾಗಿಬಿಡುತ್ತದಮ್ಮ, ಒಳಗೆ ಹಾಕು" ಎಂದೆ.

"ಹಾಳಾದ್ರೆ ಇನ್ನೊಂದು ತೆಗೀರಿ" ಎಂದಳು. "ಹೆಂಗಿದ್ರೂ ವಾರವಾರ ಬರ್ತೀರಲ್ಲ."